ಹಾಳೆಯ ಮೇಲೆ ಇರದಿದ್ದ ಜೌಲ್

ನನ್ನ ತಮ್ಮನಿಗೆ ಹುಟ್ಟಿನಿಂದಲೇ ಕಣ್ಣು ಮಂದ. ಬೆಳಕಿದೆಯೋ ಇಲ್ಲವೋ ತಿಳಿಯುತ್ತದೆ, ಎದುರಿಗೆ ಮನುಷ್ಯ ನಿಂತರೆ ನೆರಳಿನಂತೆ ಏನೋ ತಿಳಿಯುತ್ತದೆ, ಅಕ್ಷರ ಮಾತ್ರ ಕಾಣುವುದಿಲ್ಲ. ಪಿಯುಸಿ ಎರಡನೇ ವರ್ಷದ ಪರೀಕ್ಷೆಯಲ್ಲಿ ಅವನು ಬಾಯಿಂದ ಹೇಳಿದ್ದನ್ನು ಹಾಳೆಯ ಮೇಲೆ ಬರೆದವಳು ನಾನು. ಭೌತಶಾಸ್ತ್ರದ ದಿನ ಅವನು ಹೇಳಿದ್ದನ್ನೆಲ್ಲ ನಾನು ಬರೆಯಲಿಲ್ಲ. ಬರೆದಿದ್ದೇನೆ ಎಂದು ಹೇಳಿದೆ. ಇದನ್ನು ಒಂದು ಸಲ ಹೇಳಿ ನೋಡಿದ್ದೇನೆ, ಸರಿಹೋಗಲಿಲ್ಲ. ಅದಕ್ಕೆ ಈಗ ಬರೆಯುತ್ತಿದ್ದೇನೆ.

ಇಂಥ ಮಕ್ಕಳ ಪರವಾಗಿ ಪರೀಕ್ಷೆ ಬರೆಯುವವರು ಅವರಿಗಿಂತ ಕಡಿಮೆ ಓದಿರಬೇಕು ಎಂಬುದು ನಿಯಮ. ನಾನು ಎಂಟನೇ ಇಯತ್ತೆಗೆ ಸಾಲಿ ಬಿಟ್ಟವಳು. ಬನಹಟ್ಟಿಯಲ್ಲಿ ನಮ್ಮ ಮನೆಗೆ ಹೊಂದಿಕೊಂಡೇ ಮಗ್ಗದ ಶೆಡ್ಡು ಇದೆ. ಅಲ್ಲಿ ಕಂಡಿಕೆ ಸುತ್ತುವುದು ನನ್ನ ಕೆಲಸ. ಲಾಳಿಯೊಳಗೆ ಕೂಡುವ ಕಡ್ಡಿಗೆ ನೂಲು ಸುತ್ತುವುದಕ್ಕೆ ಹಾಗೆನ್ನುತ್ತಾರೆ. ಓಣಿಯಲ್ಲಿ ಒಂಬತ್ತನೇ ಇಯತ್ತೆಯ ಹುಡುಗಿಯೊಬ್ಬಳಿದ್ದಳು, ದುಂಡಗಿನ ಅಕ್ಷರ, ಬರೆಯಲು ತಯಾರಿದ್ದಳು. ಅವ್ವ ಅವಳನ್ನೇ ಕರೆಯೋಣ ಅಂದಳು. ನಾನು ಬಿಡಲಿಲ್ಲ.

“ಅವನ ಮಾತು ನನಗಿಂತ ಯಾರಿಗೆ ತಿಳಿಯತೈತಿ? ಇಷ್ಟ ವರ್ಷ ಓದಿ ಹೇಳಿದಾಕಿ ನಾನು.”

ಇದು ಸುಳ್ಳಲ್ಲ. ಆದರೆ ಅದರಲ್ಲಿ ಜಂಬವೂ ಇತ್ತು. ಜಮಖಂಡಿಯ ಪರೀಕ್ಷಾ ಕೋಣೆಯಲ್ಲಿ, ಮೇಜಿನ ಮುಂದೆ, ಒಂದು ಸಲವಾದರೂ ಪೆನ್ನು ಹಿಡಿದು ಕೂಡಬೇಕು ಅಂತ ನನ್ನ ಆಸೆ. ಸಂಬಂಧಿಕರು ಬರೆಯಬಾರದೆಂದು ಬೋರ್ಡಿನಿಂದ ಮೊದಲು ತಕರಾರು ಬಂತು. ಕಾಲೇಜಿನವರು ಬರೆದು ಕಳಿಸಿ ಹೇಗೋ ಒಪ್ಪಿಗೆ ತಂದರು.

ಓದಿ ಹೇಳುವುದು ಕರೆಂಟು ಹೋದಾಗ ಮಾತ್ರ ಆಗುತ್ತಿತ್ತು. ಮಗ್ಗ ನಡೆಯುವಾಗ ನಮ್ಮಲ್ಲಿ ಬಾಯಿಗೆ ಕೆಲಸವಿಲ್ಲ, ಎಲ್ಲ ಕೈಸನ್ನೆ. ಆರು ಬೆರಳು ತೋರಿಸಿದರೆ ಅರವತ್ತರ ನೂಲು ತಾ ಎಂದರ್ಥ. ಅರವತ್ತು ಏನು ಎಂದು ಯಾರೂ ಕೇಳುವುದಿಲ್ಲ. ಕರೆಂಟು ಹೋದ ಕೂಡಲೇ ಶೆಡ್ಡಿನಲ್ಲಿ ಕಿವಿ ತೂತು ಬಿದ್ದಂಥ ಮೌನ. ಆಗ ತಮ್ಮ ಒಳಗಿನಿಂದ ಪುಸ್ತಕ ಹಿಡಿದು ಗೋಡೆ ಸವರುತ್ತ ಬರುತ್ತಿದ್ದ. ಫೋನು ಕತೆ, ಪೇಪರು ಎಲ್ಲ ಓದಿ ಹೇಳುತ್ತದೆ, ಆದರೆ ಸೂತ್ರ ಬಂದ ಕೂಡಲೇ ತೊದಲುತ್ತದೆ. ಸೂತ್ರ ಓದುವುದು ನನ್ನ ಪಾಲಿಗೆ.

ಅವನಿಗೆ ಹುಚ್ಚು ಹಿಡಿಸಿದ್ದು ಕಣ್ಣಿಗೆ ಕಾಣದ ಬೆಳಕು. ಎಕ್ಸರೇ, ಗಾಮಾ. ಬೆಳಕು ಸಣ್ಣ ಸಣ್ಣ ಕಂತೆಯಾಗಿ ಬರುತ್ತದೆ, ಆ ಕಂತೆಗೆ ಫೋಟಾನು ಎನ್ನುತ್ತಾರೆ, ಅಲೆಯ ಉದ್ದ ಕಡಿಮೆಯಾದಷ್ಟೂ ಫೋಟಾನಿನ ಶಕ್ತಿ ಹೆಚ್ಚು ಎಂದು ಅವನೇ ನನಗೆ ಹೇಳಿಕೊಟ್ಟ.

“ನಮ್ಮ ನೂಲು ಸಣ್ಣ ಆದಷ್ಟ ಲಗೂ ಹರೀತೈತಿ. ನಿನ್ನ ಬೆಳಕ ಉಲ್ಟಾ ಐತಲ್ಲೋ,” ಅಂದೆ.

“ಉಲ್ಟಾ ಅದ ಯಕ್ಕಾ. ಅದಕ್ಕ ಎಲುವಿನ ಫೋಟೋ ತಗೀತೈತಿ. ನಿನ್ನ ನೂಲಿನಿಂದ ತಗಿ ನೋಡೋಣು.”

“ಅದರ ಮ್ಯಾಲ ಯಾಕ ಅಷ್ಟ ಜೀವ ನಿನಗ?”

ಅವನು ನನ್ನ ಕಡೆ ಹೊರಳಿದ. “ಆ ಬೆಳಕ ಯಾರ ಕಣ್ಣಿಗೂ ಕಾಣಂಗಿಲ್ಲ. ಅದರ ಮುಂದ ನೀನೂ ನಾನೂ ಒಂದ.”

ಅವ್ವನ ಮೊಣಕಾಲು ನೋವಿಗೆ ಜಮಖಂಡಿಗೆ ಹೋದಾಗ ಇವನೂ ಹಟ ಮಾಡಿ ಬಂದ. ಎಕ್ಸರೇ ತೆಗೆಯುವಾತ ನಮ್ಮನ್ನು ಹೊರಗೆ ನಿಲ್ಲಿಸಿ ತಾನು ಅಡ್ಡಗೋಡೆಯ ಹಿಂದೆ ಸರಿದ. ಮುಗಿಸಿ ಹೊರಗೆ ಬಂದ ಕೂಡಲೇ ತಮ್ಮ ಹಿಡಿದುಕೊಂಡ.

“ಸರ, ಎಷ್ಟಕ್ಕ ಇಟ್ಟಿದ್ರಿ?”

“ಅರವತ್ತಕ್ಕ.”

ಅರವತ್ತು ಎಂದ ಕೂಡಲೇ ನನ್ನ ಕಣ್ಣ ಮುಂದೆ ನೂಲಿನ ಉಂಡೆ ಬಂತು. ತಮ್ಮ ಬಿಡಲಿಲ್ಲ. “ಅರವತ್ತು ಕಿಲೋವೋಲ್ಟ್ ಏನ್ರಿ? ಅಂದ್ರ ಫೋಟಾನ್ ಭಾಳಂದ್ರ ಅರವತ್ತು ಸಾವಿರ ಎಲೆಕ್ಟ್ರಾನ್ ವೋಲ್ಟ್ ತನಕ ಬರತಾವಲ್ರಿ?”

ಆತ ಅವ್ವನ ಕಡೆ ನೋಡಿದ. “ಇವನ್ನ ಎಲ್ಲಿಂದ ಹಿಡಕೊಂಡ ಬಂದ್ರಿ ಯವ್ವಾ? ನಮ್ಮ ಡಾಕ್ಟರೂ ಹಿಂಗ ಕೇಳಿಲ್ಲ.”

ಅವ್ವ ಮೊಣಕಾಲು ಮರೆತು ನಕ್ಕಳು. ಬಸ್ಸಿನಲ್ಲಿ ಬರುವಾಗ ತಮ್ಮ ನನಗೆ ಪಾಠ ಶುರು ಮಾಡಿದ. “ನೋಡ್ಬೇ ಯಕ್ಕಾ, ಅವ ಅರವತ್ತು ಅಂದ. ನೀ ಅರವತ್ತು ಅಂದ್ರ ನೂಲು. ದಲಾಲಿ ಅರವತ್ತು ಅಂದ್ರ ರೂಪಾಯಿ. ಬರೇ ಅರವತ್ತು ಅಂದ್ರ ಏನೂ ಅಲ್ಲ. ಪರೀಕ್ಷಾದಾಗ ಸಂಖ್ಯಾದ ಮುಂದ ಏಕಮಾನ ಬರೀಲಿಲ್ಲಂದ್ರ ಮಾರ್ಕ್ಸ್ ಹೋತು ಅಂತ ತಿಳಿ.”

ತಿಳಿದೆ. ಅವನು ಕಲಿಸಿದಂತೆ ಎಲ್ಲ ಬರೆದೂ ನೋಡಿದೆ. ಓಮ್ ಅಂದರೆ ಕುದುರೆ ಲಾಳದಂಥ ಚಿಹ್ನೆ. ಜೌಲ್ ದೊಡ್ಡ ಜೆ. ಎಲೆಕ್ಟ್ರಾನ್ ವೋಲ್ಟ್ ಸಣ್ಣ ಇ, ದೊಡ್ಡ ವಿ. ಪ್ಲಾಂಕ್ ಸ್ಥಿರಾಂಕಕ್ಕೆ ಜೌಲ್ ಸೆಕೆಂಡ್. ಸೆಕೆಂಡಿಗೆ ಇಷ್ಟು ಜೌಲ್ ಎಂದಲ್ಲ, ಜೌಲನ್ನು ಸೆಕೆಂಡಿನಿಂದ ಗುಣಿಸಿದ್ದು, ನಡುವೆ ಗೆರೆ ಹಾಕಬಾರದು. ಅಲ್ಲಿ ಗೆರೆ ಹಾಕಿ ನಾನು ಎಷ್ಟು ಸಲ ಬೈಸಿಕೊಂಡೆನೋ.

ಪರೀಕ್ಷೆಗೆ ಮೊದಲು ಅವನನ್ನು ಕರೆದುಕೊಂಡು ಮುಧೋಳಕ್ಕೆ ಹೋಗಿದ್ದೆ. ಅಲ್ಲಿಯ ಕಾಲೇಜಿನಲ್ಲಿ ಬಿಎಸ್‌ಸಿಗೆ ಸೇರಿಸಿಕೊಳ್ಳುತ್ತಾರೋ ಇಲ್ಲವೋ ಕೇಳಬೇಕಿತ್ತು. ಭೌತಶಾಸ್ತ್ರದ ಮುಖ್ಯಸ್ಥರು ಕೆಟ್ಟವರಲ್ಲ, ಆದರೆ ಅವನೊಂದಿಗೆ ಮಾತಾಡದೆ ನನ್ನೊಂದಿಗೇ ಮಾತಾಡಿದರು.

“ಆರ್ಟ್ಸ್ ಕೊಡಸ್ರಿ. ಪ್ರಯೋಗಶಾಲೆದಾಗ ಇವನ್ನ ಹೆಂಗ ನಿಂದರಸೋದು?”

“ಸರ, ನಾ ಇಲ್ಲೇ ಅದೇನ್ರಿ,” ಅಂದ ತಮ್ಮ.

ಅವರು ಕನ್ನಡಕ ತೆಗೆದು ಒರೆಸಿದರು. ನಂತರ ಅವನಿಗೇ ಹೇಳಿದರು. “ಬೋರ್ಡ್ ಪರೀಕ್ಷಾದಾಗ ಫಿಜಿಕ್ಸ್ ಮಾರ್ಕ್ಸ್ ಛಲೋ ತಂದ ತೋರಸು. ಕಮಿಟಿ ಮುಂದ ನಾ ಮಾತಾಡತೇನಿ. ಪ್ರಯೋಗಕ್ಕ ಒಬ್ಬರನ್ನ ಜೋಡಿ ಕೊಡೋಣು. ಮಾರ್ಕ್ಸ್ ಇಲ್ಲಂದ್ರ ನನ್ನ ಬಾಯಿ ನಡಿಯೂದಿಲ್ಲ.”

ಹೊರಗೆ ಬಂದ ಮೇಲೆ ಅವನು ನನ್ನ ಮೊಣಕೈ ಹಿಡಿದ ರೀತಿಯೇ ಬೇರೆಯಾಗಿತ್ತು. ಉಳಿದ ವಿಷಯ ಹೇಗಾದರೂ ಆಗಲಿ, ಅದೊಂದು ಹಾಳೆಯ ಮೇಲೆ ಅವನ ಬದುಕು ನಿಂತಿತ್ತು. ನನಗೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಲು ನನಗೆ ದಾರಿಯಿಲ್ಲ.

ಭೌತಶಾಸ್ತ್ರದ ದಿನ ನಮಗೆ ಬೇರೆ ಕೋಣೆ ಕೊಟ್ಟರು. ತಮ್ಮ, ನಾನು, ಮೇಲ್ವಿಚಾರಣೆಗೆ ಒಬ್ಬ ಮೇಡಮ್ಮು. ಪ್ರಶ್ನೆಪತ್ರಿಕೆಯನ್ನು ನಾನು ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡು ತಮ್ಮ ಕಣ್ಣು ಮುಚ್ಚಿ ಕೂತ. ಆಮೇಲೆ ಶುರು ಮಾಡಿದ ನೋಡಿ, ತೂಬು ತೆಗೆದ ನೀರಿನಂತೆ. ಮೊದಮೊದಲು ನಾನು ಎಲ್ಲ ಬರೆದೆ. ಪ್ಲಾಂಕ್ ಸ್ಥಿರಾಂಕದ ಏಕಮಾನ ಕೇಳಿದ್ದರು, ಗೆರೆ ಹಾಕದೆ ಸರಿಯಾಗಿ ಬರೆದೆ. ಕುದುರೆ ಲಾಳವನ್ನೂ ಬರೆದೆ.

ಒಂದು ಲೆಕ್ಕದ ನಡುವೆ ತಪ್ಪಿದೆ. ಅವನು ಹೇಳಿದ ಸಂಖ್ಯೆ ಕೆಳಗಿನ ಸಾಲಿಗೆ ಬಿತ್ತು. ಅದನ್ನು ಹೊಡೆದು ಮತ್ತೆ ಬರೆಯುವಷ್ಟರಲ್ಲಿ ಅವನು ಮುಂದೆ ಹೋಗಿಬಿಟ್ಟಿದ್ದ. “ನಿಂದ್ರೋ,” ಅಂದೆ. ನಿಂತ. ಮತ್ತೆ ಶುರು ಮಾಡಿದ. ಮತ್ತೆ ತಪ್ಪಿದೆ. ಇನ್ನೊಂದು ಕಡೆ ಏಕಮಾನದ ಅಕ್ಷರ ದೊಡ್ಡದೋ ಸಣ್ಣದೋ ನೆನಪಾಗದೆ ಪೆನ್ನು ನಿಂತಿತು. ಬಾಯಿಬಿಟ್ಟು ಕೇಳಬಹುದಿತ್ತು. ಅಷ್ಟರಲ್ಲಿ ಮೇಡಮ್ಮು ಬಂದು ನನ್ನ ತಲೆಯ ಮೇಲೆ ನಿಂತು ಹೇಳಿದರು.

“ಏನವಾ, ಅವ ಇಷ್ಟ ಫಟಾಫಟ್ ಹೇಳಾಕತ್ತಾನ. ನೀ ಅಕ್ಷರ ಕೊರ್ಯಾಕತ್ತೀ ಏನ? ಬ್ಯಾರೇದಾರ ಯಾರೂ ಸಿಗಲಿಲ್ಲೇನು ನಿಮಗ?”

ಬೇಕೆಂದು ಅಂದ ಮಾತಲ್ಲ, ಗಡಿಯಾರ ನೋಡಿ ಅಂದದ್ದು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಅವರ ಎದುರಿಗೆ ದೊಡ್ಡದೋ ಸಣ್ಣದೋ ಎಂದು ಕೇಳುವುದು ಹೇಗೆ? ಆ ಜಾಗ ಖಾಲಿ ಬಿಟ್ಟೆ, ಆಮೇಲೆ ತುಂಬಿದರಾಯಿತು ಎಂದು. ಖಾಲಿ ಬಿಟ್ಟರೆ ಕೈ ಎಷ್ಟು ಬೇಗ ಓಡುತ್ತದೆ ಎಂಬುದು ಆಗ ಗೊತ್ತಾಯಿತು. ಮುಂದಿನದರಲ್ಲೂ ಬಿಟ್ಟೆ. ಅದರ ಮುಂದಿನದರಲ್ಲೂ. ಸಂಖ್ಯೆ ಬಿದ್ದರೆ ಸಾಕು, ಹಾಳೆ ನೋಡುವವರಿಗೆ ಅದು ಯಾತರದ್ದೆಂದು ತಿಳಿಯದೇ ಇರುತ್ತದೆಯೇ ಎಂದುಕೊಂಡೆ. ನಮ್ಮ ಶೆಡ್ಡಿನಲ್ಲಿ ತಿಳಿಯುತ್ತದಲ್ಲ.

ಕೊನೆಗೆ ಬಂತು ಅವನ ಪ್ರಶ್ನೆ. ಎಕ್ಸರೇ ಫೋಟಾನಿನ ತರಂಗಾಂತರ ಕೊಟ್ಟು ಅದರ ಶಕ್ತಿಯನ್ನು ಜೌಲಿನಲ್ಲೂ ಎಲೆಕ್ಟ್ರಾನ್ ವೋಲ್ಟಿನಲ್ಲೂ ಕೇಳಿದ್ದರು. ಓದಿ ಹೇಳಿದಾಗ ಅವನ ಮುಖ ಅರಳಿತು. ಸ್ಥಿರಾಂಕದ ಬೆಲೆ, ಬೆಳಕಿನ ವೇಗ, ಗುಣಾಕಾರ, ಭಾಗಾಕಾರ, ಎಲ್ಲ ಹಾಡಿದಂತೆ ಹೇಳಿದ. ಹತ್ತರ ಘಾತ ಮೈನಸ್ ಹದಿನೈದು ಇರುವ ಒಂದು ಸಣ್ಣ ಸಂಖ್ಯೆ ಬಂತು. “ಜೌಲ್,” ಅಂದ. ಸಂಖ್ಯೆ ಬರೆದೆ. “ಅಂದ್ರ ಬರೋಬ್ಬರಿ ಹನ್ನೆರಡು ಸಾವಿರದ ನಾಕನೂರು ಎಲೆಕ್ಟ್ರಾನ್ ವೋಲ್ಟ್.” ಸಮ ಚಿಹ್ನೆ ಹಾಕಿ ಆ ಸಂಖ್ಯೆಯನ್ನೂ ಬರೆದೆ. ಜೌಲ್ ಇಲ್ಲ, ಎಲೆಕ್ಟ್ರಾನ್ ವೋಲ್ಟ್ ಇಲ್ಲ.

“ಬರದಿ?”

“ಹೂಂ.”

“ಎರಡೂ?”

“ಹೂಂ ಅಂದೆಲ್ಲೋ.”

ಇಷ್ಟೇ ಆಗಿದ್ದರೆ ಅವಸರದಲ್ಲಿ ಆದ ತಪ್ಪು ಎಂದು ಇಂದು ನಾನು ನನ್ನನ್ನು ಬಿಟ್ಟುಬಿಡುತ್ತಿದ್ದೆ. ಆದರೆ ಕೊನೆಗೆ ಸಮಯ ಉಳಿಯಿತು. ಅವನಿಗೆ ಹೆಚ್ಚಿನ ಸಮಯ ಕೊಟ್ಟಿದ್ದರಲ್ಲ, ಅದರಲ್ಲಿ ಸ್ವಲ್ಪ. ಅವನು ನನ್ನ ಕಡೆ ವಾಲಿ ಹೇಳಿದ, “ಯಕ್ಕಾ, ಲೆಕ್ಕ ಅಷ್ಟೂ ಓದ. ಏಕಮಾನ ಸುದ್ದಾ ಓದ.”

ಖಾಲಿ ಜಾಗಗಳನ್ನು ತುಂಬಲು ಇದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಆದರೆ ಅವನ ಕಿವಿ ನಿಮಗೆ ಗೊತ್ತಿಲ್ಲ. ಪಕ್ಕದ ಶೆಡ್ಡಿನಲ್ಲಿ ಯಾವ ಮಗ್ಗದಲ್ಲಿ ಎಳೆ ಹರಿಯಿತು ಎಂದು ಸದ್ದಿನ ಮೇಲೆಯೇ ಹೇಳುವವನು. ನಾನು ಪೆನ್ನು ಎತ್ತಿದರೆ, ಹಾಳೆಯ ಮೇಲೆ ಅದರ ಮೊನೆ ತಾಗಿದರೆ, ಅವನಿಗೆ ಕೇಳಿಸುತ್ತದೆ. ಹೂಂ ಅಂದದ್ದೆಲ್ಲ ಸುಳ್ಳು ಎಂದು ಗೊತ್ತಾಗುತ್ತದೆ, ಅದೂ ಆ ಮೇಡಮ್ಮಿನ ಎದುರಿಗೆ. ಪೆನ್ನನ್ನು ಮೇಜಿನ ಮೇಲೆ ಇಟ್ಟೆ. ಇಟ್ಟ ಸದ್ದು ಅವನಿಗೆ ಕೇಳಲಿ ಎಂದೇ ಸ್ವಲ್ಪ ಜೋರಾಗಿ ಇಟ್ಟೆ. ಓದತೊಡಗಿದೆ. ಹಾಳೆಯ ಮೇಲೆ ಇದ್ದ ಸಂಖ್ಯೆಯನ್ನು ಓದಿ, ಇರದ ಜೌಲನ್ನು ಓದಿದೆ. ಇರದ ವೋಲ್ಟನ್ನು ಓದಿದೆ. ನನ್ನ ದನಿ ಒಮ್ಮೆಯೂ ನಡುಗಲಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ.

“ಬೆಸ್ಟ್,” ಅಂದ ಅವನು. ಹಾಳೆ ಕಟ್ಟಿ ಕೊಟ್ಟೆವು.

ಬಸ್‌ಸ್ಟ್ಯಾಂಡಿನಲ್ಲಿ ಬೀಳಗಿ ಬಸ್ಸು ಹೊರಟಿತ್ತು, ಕಂಡಕ್ಟರು ಕೂಗುತ್ತಿದ್ದ. ನಮ್ಮದಲ್ಲದ ಆ ಬಸ್ಸು ಹತ್ತಿ ಎಲ್ಲಾದರೂ ಹೋಗಿಬಿಡೋಣ ಅನ್ನಿಸಿತು. ಬನಹಟ್ಟಿ ಬಸ್ಸಿನಲ್ಲಿ ಅವನು ದಾರಿಯುದ್ದಕ್ಕೂ ಉತ್ತರಗಳನ್ನು ಹೇಳಿಕೊಳ್ಳುತ್ತ, ಬೆರಳು ಮಡಚುತ್ತ ಮಾರ್ಕ್ಸು ಕೂಡಿಸುತ್ತಿದ್ದ. ನಾನು ಕಿಟಕಿಗೆ ಮುಖ ಮಾಡಿ ಕೂತಿದ್ದೆ.

ಫಲಿತಾಂಶ ಬರುವ ತನಕ ಪ್ರತಿ ದಿನ ಹೇಳಬೇಕು ಅಂದುಕೊಂಡೆ. ಮಾರ್ಕ್ಸು ಕಡಿಯುವುದಿಲ್ಲವೇನೋ ಎಂದು ಮುಂದೂಡಿದೆ. ಫಲಿತಾಂಶ ಬಂದ ದಿನ ಓಣಿಯ ಹುಡುಗರು ಫೋನಿನಲ್ಲಿ ನೋಡಿ ಹೇಳಿದರು. ಎಲ್ಲದರಲ್ಲೂ ಪಾಸು. ಕನ್ನಡದಲ್ಲಿ ಚೆನ್ನಾಗಿತ್ತು, ರಸಾಯನಶಾಸ್ತ್ರದಲ್ಲಿ ಸಾಧಾರಣವಾಗಿತ್ತು. ಭೌತಶಾಸ್ತ್ರ ಎಲ್ಲಕ್ಕಿಂತ ಕಡಿಮೆ. ತಮ್ಮ ಮತ್ತೊಮ್ಮೆ ಓದಿಸಿಕೊಂಡ. ಮೂರನೇ ಸಲ ಫೋನಿನಿಂದಲೇ ಓದಿಸಿದ, ನಮ್ಮ ಮೇಲೆ ನಂಬಿಕೆಯಿಲ್ಲದವನಂತೆ. ಆಮೇಲೆ ಗೋಡೆ ಕಡೆ ಹೊರಳಿ ಮಲಗಿದ.

ಶೆಡ್ಡಿನಲ್ಲಿ ದೊಡ್ಡ ಸುದ್ದಿಯಾಯಿತು. ನನ್ನ ಪಕ್ಕ ಕಂಡಿಕೆ ಸುತ್ತುವ ಹಿರಿಯಳೊಬ್ಬಳಿದ್ದಾಳೆ, ನಾವು ಆಯಿ ಅನ್ನುತ್ತೇವೆ. ಅವಳು ಮಗ್ಗ ನಿಂತ ಕೂಡಲೇ ಸೆರಗು ಕಟ್ಟಿ ಶುರು ಮಾಡಿದಳು.

“ಕುರುಡ ಹುಡುಗ, ಇವಗೇನ ತಿಳಿಯತೈತಿ ಅಂತ ಮಾರ್ಕ್ಸ್ ಕಡದಾನ ನೋಡ ಆ ಭಾಡ್ಯಾ. ಪೇಪರ ನೋಡಿದಾವನ ಕೈ ಸೇದಿ ಹೋಗಲಿ!”

“ಹೌದ್ರಿ ಆಯಿ,” ಅಂದರು ಉಳಿದವರು. ನಾನು ಕಡ್ಡಿ ಬದಲಿಸುತ್ತಿದ್ದೆ. ನಾನೂ ಹೌದು ಅಂದೆ.

ತಮ್ಮನಿಗೂ ಆ ಮಾತೇ ಹೊಕ್ಕಿತು. ಎರಡು ದಿನ ಉಣ್ಣಲಿಲ್ಲ. “ನಾ ಹೇಳಿದ್ದರಾಗ ತಪ್ಪ ಇಲ್ಲ ಯಕ್ಕಾ. ಬರದದ್ದು ನೀ ಓದಿ ಹೇಳಿಯಲ್ಲ. ಅಂದ್ರ ಆಯಿ ಅಂದಂಗ ನನ್ನ ಕಣ್ಣ ನೋಡಿ ಕಡದಾರ. ಕಾಲೇಜಿಗೆ ಹೋದರೂ ಹಿಂಗ ಕಡೀತಾರ. ನನಗ ಬ್ಯಾಡ ಇದು.” ಕೊನೆಗೆ ಅವನೇ ಎದ್ದು, ಹಾಳೆಯ ಪ್ರತಿ ತರಿಸೋಣ, ಮರುಮೌಲ್ಯಮಾಪನಕ್ಕೆ ಹಾಕೋಣ ಅಂದ. ಇಬ್ಬರೂ ರಬಕವಿಯ ಕಡೆ ಇರುವ ಕಂಪ್ಯೂಟರ್ ಅಂಗಡಿಗೆ ಹೊರಟೆವು.

ಪ್ರತಿ ಬಂದರೆ ಯಾರಾದರೂ ಅವನಿಗೆ ಅದನ್ನು ಓದಿ ಹೇಳುತ್ತಾರೆ. ಹೆದರಿಕೆ ಅದೇ ಆಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಅದಕ್ಕಿಂತ ಹೆಚ್ಚಾಗಿ, ನನ್ನ ಮೊಣಕೈ ಹಿಡಿದು ಅವನು ದಾರಿಯುದ್ದಕ್ಕೂ ‘ನನ್ನ ಕಣ್ಣ ನೋಡಿ ಕಡದಾರ’ ಎಂದು ಗೊಣಗುತ್ತಿದ್ದ. ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಬರುತ್ತಿದ್ದವು. ನಿಂತೆ.

“ತಮ್ಮಾ, ಹಾಳ್ಯಾಗ ಏಕಮಾನ ಇಲ್ಲ.”

“ಏನು?”

“ನಾ ಬರದಿಲ್ಲ. ಇಲ್ಲದ್ದನ್ನ ಓದಿ ಹೇಳಿದ್ನಿ.”

ಅವನು ಮೊಣಕೈ ಬಿಟ್ಟ. ಒಂದು ಹೆಜ್ಜೆ ಸರಿದ, ರಸ್ತೆಯ ಕಡೆಗೆ. ಟ್ರ್ಯಾಕ್ಟರಿನವ ಕೂಗಿ ಬೈದ. ನಾನು ರಟ್ಟೆ ಹಿಡಿದೆಳೆಯಲು ಹೋದರೆ ಕೊಡವಿದ. ಕಾಲಿನಿಂದ ಅಂಚು ತಡವಿ ಒಳಗೆ ಸರಿದು, ನನಗೆ ಮುಖ ಕೊಡದೆ ನಿಂತು, ಮೇಷ್ಟ್ರು ಕೇಳಿದಂತೆ ಕೇಳಿದ.

“ಯಾವ್ಯಾವ ಲೆಕ್ಕದಾಗ ಬಿಟ್ಟಿ?”

ಒಂದೊಂದಾಗಿ ಹೇಳಿದೆ. ಅವನು ಬೆರಳು ಮಡಚುತ್ತ ಮಾರ್ಕ್ಸು ಕಳೆಯುತ್ತ ಹೋದ. ಬಸ್ಸಿನಲ್ಲಿ ಕೂಡಿಸಿದ್ದನ್ನೇ ಈಗ ಕಳೆಯುತ್ತಿದ್ದ.

“ಫೋಟಾನ್ ಲೆಕ್ಕ?”

“ಅದರಾಗೂ. ಎರಡೂ ಕಡೆ.”

“ಎರಡರ ನಡುವ ಸಮದ ಚಿಹ್ನೆ ಹಾಕಿದ್ದಿ?”

“ಹಾಕಿದ್ನಿ.”

ನಕ್ಕ. ಆ ನಗು ನನಗೆ ಬೇಡವಾಗಿತ್ತು. “ಅಂದ್ರ ಆ ಹಾಳ್ಯಾಗ ನಾ ಏನ ಹೇಳೇನಿ ಗೊತ್ತೈತೇನ? ಇಲ್ಲ ಅನ್ನೂವಷ್ಟ ಸಣ್ಣ ಸಂಖ್ಯಾ, ಹನ್ನೆರಡು ಸಾವಿರದ ನಾಕನೂರಕ್ಕ ಸಮ ಅಂತ ಹೇಳೇನಿ. ಅದನ್ನ ನೋಡಿ ಯಾವ ಮಾಸ್ತರ ಮಾರ್ಕ್ಸ್ ಕೊಡಬೇಕು? ನಾನಾದ್ರೂ ಕೊಡತಿದ್ದಿಲ್ಲ.”

ಲೆಕ್ಕ ಮುಗಿಸಿದ. ಅವನ ಎಣಿಕೆ ಬೋರ್ಡಿನವರು ಕೊಟ್ಟ ಮಾರ್ಕ್ಸಿನ ಹತ್ತಿರಕ್ಕೇ ಬಂದು ನಿಂತಿತು.

“ಪೇಪರ್ ನೋಡಿದಾವ ಖರೇ ಅದಾನ,” ಅಂದ. “ಅವ ನನ್ನ ಕಣ್ಣ ನೋಡಿಲ್ಲ. ಹಾಳಿ ನೋಡ್ಯಾನ.” ಆ ಮಾತಿನಲ್ಲಿ ಅವನಿಗೆ ಸಮಾಧಾನವಿತ್ತು. ಅಷ್ಟು ದಿನ ಅವನು ಉಣ್ಣದೆ ಬಿಟ್ಟದ್ದು ಮಾರ್ಕ್ಸಿಗಲ್ಲ, ಜನ ತನ್ನನ್ನು ಕೀಳಾಗಿ ಕಂಡರು ಎಂದು. ಆ ಹುಣ್ಣನ್ನು ನಾನು ಬಾಯಿ ಮುಚ್ಚಿಕೊಂಡು ಕಾಯ್ದಿದ್ದೆ.

ಕಂಪ್ಯೂಟರ್ ಅಂಗಡಿಗೆ ಹೋದೆವು. ಪ್ರತಿಗಲ್ಲ, ಪಾಸಾದವರೂ ಮಾರ್ಕ್ಸು ಹೆಚ್ಚಿಸಿಕೊಳ್ಳಲು ಬರೆಯಬಹುದಾದ ಎರಡನೇ ಪರೀಕ್ಷೆಗೆ ಹೆಸರು ಕೊಡಲು. ಅಂಗಡಿಯವ ಬರೆಯುವವರು ಯಾರು ಎಂದು ಕೇಳಿದ. ತಮ್ಮ ನನ್ನನ್ನು ಕೇಳದೆ ಓಣಿಯ ಆ ಹುಡುಗಿಯ ಹೆಸರು ಹೇಳಿದ.

ಆ ಪರೀಕ್ಷೆಯ ದಿನ ನಾನು ಜಮಖಂಡಿಯ ಗೇಟಿನ ಹೊರಗೆ ನಿಂತಿದ್ದೆ. ಎಲ್ಲ ಮಕ್ಕಳು ಹೊರಬಂದು ಹೋದ ಎಷ್ಟೋ ಹೊತ್ತಿನ ಮೇಲೆ ಆ ಹುಡುಗಿ ಅವನ ಕೈ ಹಿಡಿದು ಕರೆತಂದಳು. ಅವಳ ಬೆರಳಿಗೆಲ್ಲ ಮಸಿ. “ಅಕ್ಕಾರ, ಅಣ್ಣ ಹಳ್ಯಾಗಿನ ಸಾಹುಕಾರಗಿಂತ ಜೋರ ಅದಾನ್ರಿ. ಒಂದೊಂದ ಸಂಖ್ಯಾಕ್ಕ ನಿಲ್ಲಿಸಿ, ದೊಡ್ಡ ಅಕ್ಷರ ಬರದಿ, ಸಣ್ಣದ ಬರದಿ ಅಂತ ಕೇಳಿದಾ,” ಅಂದಳು. ನಾಚಿಕೊಳ್ಳದೆ ಅವಳೂ ಅವನನ್ನು ಎಷ್ಟೋ ಸಲ ಕೇಳಿದ್ದಳಂತೆ. ನಾನು ಪ್ರಶ್ನೆ ಹೇಗಿತ್ತು ಎಂದು ಕೇಳಲಿಲ್ಲ. ಕೇಳುವ ಬಾಯಿ ನನ್ನದಾಗಿ ಉಳಿದಿರಲಿಲ್ಲ.

ಮಾರ್ಕ್ಸು ಚೆನ್ನಾಗಿ ಬಂತು. ಮುಧೋಳದವರು ಮಾತು ಉಳಿಸಿಕೊಂಡರು. ಈಗ ಅವನು ಅಲ್ಲಿಯೇ ಹಾಸ್ಟೆಲಿನಲ್ಲಿದ್ದಾನೆ. ಹೋಗುವ ಹಿಂದಿನ ದಿನ ಬಟ್ಟೆ ಮಡಚುತ್ತಿದ್ದಾಗ ಹೇಳಿದ.

“ಓಣ್ಯಾಗ ಇನ್ನೂ ಮೊದಲಿನ ಪೇಪರ್ ನೋಡಿದಾವಗ ಬೈಯಾಕತ್ತಾರ. ಯಾರೋ ಪಾಪ, ತನ್ನ ಕೆಲಸ ಮಾಡ್ಯಾನ. ನೀ ಹೇಳಬೇಕು.”

ನಿಜವೇ. ಎರಡನೇ ಸಲದ ಮಾರ್ಕ್ಸು ಬಂದ ಮೇಲೆ ಬೈಗುಳ ಇನ್ನೂ ಹೆಚ್ಚಾಗಿತ್ತು. ಅದೇ ಹುಡುಗ, ಅದೇ ವಿಷಯ, ಈ ಸಲ ಮಾರ್ಕ್ಸು ಬಂದವು ಅಂದರೆ ಮೊದಲಿನವ ಬೇಕೆಂದೇ ಕಡಿದ ಎಂದು ಎಲ್ಲರಿಗೂ ಖಾತ್ರಿಯಾಗಿತ್ತು.

ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ಹೇಳಿದೆ. ಎಲ್ಲ ಹೇಳಿದೆ, ಪೆನ್ನು ಜೋರಾಗಿ ಇಟ್ಟದ್ದನ್ನೂ ಬಿಡದೆ. ಆಯಿ ರೊಟ್ಟಿ ಮುರಿಯುತ್ತ ಕೇಳಿದಳು.

“ಸಂಖ್ಯಾ ಬರದಿದ್ದಿ ಇಲ್ಲೋ?”

“ಬರದಿದ್ನಿ ಆಯಿ.”

“ಸಂಖ್ಯಾ ಬರೋಬ್ಬರಿ ಇತ್ತ ಇಲ್ಲೋ?”

“ಇತ್ತು. ಆದ್ರ ಅದರ ಮುಂದ—”

“ಒಂದೆರಡ ಅಕ್ಷರಕ್ಕ ಮಾರ್ಕ್ಸ್ ಕಡದಾನ? ಹಂಗಾದ್ರ ಅವ ನಾ ತಿಳದದ್ದಕ್ಕಿಂತ ದೊಡ್ಡ ಭಾಡ್ಯಾ!”

ಎಲ್ಲರೂ ನಕ್ಕರು. ಒಬ್ಬಳು ನನ್ನ ತಟ್ಟೆಗೆ ಚಟ್ನಿ ಹಾಕಿ, “ಅಷ್ಟಕ್ಕ ಮನಸಿಗಿ ಹಚಗೋಬ್ಯಾಡವಾ,” ಅಂದಳು. ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಮಗ್ಗ ಶುರುವಾದವು. ಯಾರಾದರೂ ಬೈದಿದ್ದರೆ ಹಗುರಾಗುತ್ತಿತ್ತು.

ಭಾನುವಾರ ತಮ್ಮ ಮುಧೋಳದಿಂದ ಫೋನು ಮಾಡಿದ. ಉಂಡದ್ದು, ಮಲಗಿದ್ದು ಎಲ್ಲ ಮಾತಾಡಿದ ಮೇಲೆ ಕೇಳಿದ.

“ಹೇಳಿದಿ?”

“ಹೇಳಿದ್ನಿ.”

“ಏನಂದ್ರು?”

“ನಕ್ಕರು. ಎರಡ ಅಕ್ಷರಕ್ಕೇನಾತು ಅಂದ್ರು. ಪೇಪರ್ ನೋಡಿದಾವಗ ಇನ್ನೂ ಜೋರ ಬೈದ್ರು.”

 

“ಹಂಗಾದ್ರ ಅವರಿಗೆ ತಿಳಿದಿಲ್ಲ,” ಅಂದ. “ಮತ್ತ ಹೇಳು.”